ಗುಳೆ ಬಂದವರ ಬೆಂಗಳೂರು

ದೀಪಾವಳಿ ಮುಗಿದ ಮೇಲಿನ ದಿನಗಳು. ಉದ್ಯಾನ್ ಎಕ್ಸ್‌ಪ್ರೆಸ್ ಬೆಳಗಿನ ಹೊತ್ತು ಬೆಂಗಳೂರು ನಿಲ್ದಾಣಕ್ಕೆ ಬಂದು ನಿಂತಾಗ ಜನರಲ್ ಬೋಗಿಯಿಂದ ಇಳಿಯುವವರನ್ನು ಒಮ್ಮೆ ಗಮನಿಸಬೇಕು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ರೊಟ್ಟಿ ಕಟ್ಟಿದ ಬಟ್ಟೆ, ಒಂದು ಬಕೆಟ್ಟಿನೊಳಗೆ ತುಂಬಿದ ನಾಲ್ಕಾರು ಪಾತ್ರೆ. ಇವರು ಊರು ನೋಡಲು ಬಂದವರಲ್ಲ. ಮಳೆ ಕೈಕೊಟ್ಟ ವರ್ಷ, ಇಲ್ಲವೆ ಬೆಳೆ ಕೈಗೆ ಬಂದರೂ ಸಾಲ ತೀರದ ವರ್ಷ, ಮನೆಯ ಬಾಗಿಲಿಗೆ ಬೀಗ ಹಾಕಿ, ಮುದುಕರನ್ನು ನೆರೆಯವರ ಕಣ್ಣಿಗೆ ಒಪ್ಪಿಸಿ ಹೊರಟವರು. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಹಳ್ಳಿಗಳಲ್ಲಿ ಇದಕ್ಕೆ ಒಂದೇ ಮಾತು: ಗುಳೆ.

ಇಂಥ ಸಾವಿರಾರು ಕುಟುಂಬಗಳಿಗೆ ಹೊಂದುವಂಥ ಒಂದು ಕುಟುಂಬವನ್ನು ಕಣ್ಮುಂದೆ ತಂದುಕೊಳ್ಳಬಹುದು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಬೆದ್ದಲು ಭೂಮಿ. ಗಂಡ, ಹೆಂಡತಿ, ಐದನೇ ತರಗತಿ ಓದುತ್ತಿರುವ ಹತ್ತು ವರ್ಷದ ಮಗಳು, ಎರಡು ವರ್ಷದ ಮಗ. ಮೇಸ್ತ್ರಿಯಿಂದ ಮುಂಗಡ ಪಡೆದಿದ್ದಾರೆ. ಬೆಂಗಳೂರಿನ ಅಂಚಿನಲ್ಲಿ ಏಳುತ್ತಿರುವ ಒಂದು ದೊಡ್ಡ ಕಟ್ಟಡದಲ್ಲಿ ಗಾರೆ ಕೆಲಸ. ಯುಗಾದಿಗೋ ಊರ ಜಾತ್ರೆಗೋ ಮೊಹರಂ ಹಬ್ಬದ ಅಲಾಯಿ ದೇವರಿಗೋ ಒಮ್ಮೆ ಹೋಗಿಬಂದು, ಮುಂಗಾರು ಬಿದ್ದಾಗ ಬಿತ್ತನೆಗೆ ಹಿಂದಿರುಗುವುದು ಲೆಕ್ಕಾಚಾರ. ಅಲ್ಲಿಯವರೆಗೆ ನಗರವೇ ಮನೆ. ಆದರೆ ನಗರದಲ್ಲಿ ಬದುಕುವುದೂ ಒಂದು ವಿದ್ಯೆ. ಅದನ್ನು ಇವರಿಗೆ ಹೇಳಿಕೊಡುವವರು ಯಾರು?

ಎಲ್ಲರೂ ಬಂದವರೇ

ಬೆಂಗಳೂರು ಬಂದವರಿಂದಲೇ ಬೆಳೆದ ಊರು. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿ, ಬೇರೆಬೇರೆ ಕಸುಬಿನವರನ್ನು ಕರೆಸಿ ಪೇಟೆಗಳನ್ನು ಮಾಡಿದರು. 1809ರಲ್ಲಿ ದಂಡು ಪ್ರದೇಶ ಹುಟ್ಟಿದಾಗ ಸೈನ್ಯದ ಹಿಂದೆ ತಮಿಳು ನಾಡಿನಿಂದ ವ್ಯಾಪಾರಿಗಳೂ ಕೂಲಿಕಾರರೂ ಬಂದರು. 1940ರಲ್ಲಿ ವಿಮಾನ ಕಾರ್ಖಾನೆ, ಸ್ವಾತಂತ್ರ್ಯ ಬಂದ ಮೇಲೆ ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಸುತ್ತಲಿನ ಜಿಲ್ಲೆಗಳ ಯುವಕರನ್ನು ಸೆಳೆದವು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ಕ್ಕೆ 7.8 ಲಕ್ಷ ಮುಟ್ಟಿತು. 2011ರ ಗಣತಿಯ ಹೊತ್ತಿಗೆ ಅದು 84 ಲಕ್ಷ ದಾಟಿತ್ತು. ಇಂದು ಸ್ವಂತ ಮನೆಯ ಜಗುಲಿಯಲ್ಲಿ ಕುಳಿತು ಪತ್ರಿಕೆ ಓದುವ ಎಷ್ಟೋ ಕುಟುಂಬಗಳ ಅಜ್ಜನೋ ಮುತ್ತಜ್ಜನೋ ಒಂದು ದಿನ ಕೈಯಲ್ಲಿ ಟ್ರಂಕು ಹಿಡಿದು ಇಳಿದವನೇ.

ಹಿಂದೆ ಬಂದವರಿಗೂ ಈಗ ಗುಳೆ ಬರುವವರಿಗೂ ಒಂದು ವ್ಯತ್ಯಾಸವಿದೆ. ಕಾರ್ಖಾನೆಗೆ ಸೇರಿದವನಿಗೆ ಕಾಯಂ ಕೆಲಸವಿತ್ತು, ಕ್ವಾರ್ಟರ್ಸ್ ಇತ್ತು, ಮಕ್ಕಳಿಗೆ ಹತ್ತಿರದಲ್ಲೇ ಶಾಲೆ ಇತ್ತು. ಗುಳೆ ಬಂದವನ ವಿಳಾಸ ಕಟ್ಟಡ ಏಳುವವರೆಗೆ ಮಾತ್ರ. ಗೋಡೆಗೆ ಬಣ್ಣ ಬಳಿದ ದಿನ ಅವನು ಗಂಟು ಕಟ್ಟಬೇಕು.

ತಗಡಿನ ಮನೆಯ ಪಾಠ

ಊರಿನಲ್ಲಿ ಇವರದು ಮಾಳಿಗೆ ಮನೆ. ಎರಡಡಿ ದಪ್ಪದ ಮಣ್ಣು ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ರಾಯಚೂರಿನ ಬೇಸಿಗೆ ನಲವತ್ತು ಡಿಗ್ರಿ ದಾಟಿದರೂ ಒಳಗೆ ತಂಪು. ದಪ್ಪ ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಟ್ಟುಕೊಡುವುದೇ ಇದಕ್ಕೆ ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ರಾಯಚೂರು 400 ಮೀಟರ್ ಆಸುಪಾಸಿನಲ್ಲಿದೆ. ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಆ ಲೆಕ್ಕದಲ್ಲಿ ಎತ್ತರದ ಕಾರಣದಿಂದಲೇ ಬೆಂಗಳೂರು ಮೂರು ಡಿಗ್ರಿಯಷ್ಟು ತಂಪು. ಹಾಗಾದರೆ ಇಲ್ಲಿ ಇವರು ಹಾಯಾಗಿರಬೇಕಲ್ಲವೆ?

ಹಾಗಾಗುವುದಿಲ್ಲ. ಇಲ್ಲಿ ಇವರಿಗೆ ಸಿಗುವುದು ತಗಡಿನ ಶೆಡ್ಡು. ಒಂದು ಮಿಲಿಮೀಟರಿಗಿಂತ ತೆಳ್ಳಗಿನ ತಗಡಿಗೆ ಶಾಖವನ್ನು ಹಿಡಿದಿಡುವ ಶಕ್ತಿ ಇಲ್ಲ. ಮಧ್ಯಾಹ್ನ ಬಿಸಿಲು ಬಿದ್ದ ಹತ್ತೇ ನಿಮಿಷದಲ್ಲಿ ಒಳಗೆ ಕಾದ ಹಂಚಿನಂತಾಗುತ್ತದೆ. ರಾತ್ರಿ ಅದೇ ತಗಡು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಮಲಗಿದ ನಾಲ್ವರ ಉಸಿರಿನಲ್ಲಿರುವ ನೀರಾವಿ ಆ ತಣ್ಣನೆಯ ತಗಡಿಗೆ ತಗುಲಿ ಹನಿಯಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಮಳೆಯಿಲ್ಲದ ರಾತ್ರಿಯಲ್ಲೂ ಹೊದಿಕೆ ಒದ್ದೆ! 'ಶೆಡ್ಡು ಸೋರುತೈತಿ' ಎಂದು ತಾಯಿ ದೂರಿದರೆ ಅದು ಸೋರುವಿಕೆಯಲ್ಲ, ಸಾಂದ್ರೀಕರಣ. ಮಗುವಿನ ನೆಗಡಿ ಕೆಮ್ಮು ಬೇಗ ವಾಸಿಯಾಗದಿರಲು ಈ ತೇವವೂ ಒಂದು ಕಾರಣವಾಗಬಹುದು.

ಇದಕ್ಕೆ ದುಬಾರಿ ಪರಿಹಾರವೇನೂ ಬೇಕಿಲ್ಲ. ತಗಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಗೋಣಿಚೀಲ ಅಥವಾ ಟಾರ್ಪಾಲು ಕಟ್ಟಿದರೆ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ. ತಗಡಿನ ಹೊರಮೈಗೆ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಎದುರುಬದುರಾಗಿ ಎರಡು ಕಿಂಡಿ ಬಿಟ್ಟರೆ ನೀರಾವಿ ಹೊರಗೆ ಹೋಗುತ್ತದೆ. ಶೆಡ್ಡು ಕಟ್ಟಿಸುವ ಗುತ್ತಿಗೆದಾರನಿಗೆ ಇದೆಲ್ಲ ಒಂದು ದಿನದ ಕೆಲಸ.

ಕಾಣದ ಕೊಲೆಗಾರ

ಡಿಸೆಂಬರ್, ಜನವರಿಯ ಚಳಿಯಲ್ಲಿ ಈ ಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಿ, ಒಳಗೆ ಕೆಂಡದ ಬುಟ್ಟಿ ಇಟ್ಟುಕೊಂಡು ಮಲಗುವುದುಂಟು. ಇದಕ್ಕಿಂತ ಅಪಾಯಕಾರಿ ಅಭ್ಯಾಸ ಇನ್ನೊಂದಿಲ್ಲ. ಗಾಳಿ ಸಾಲದೆ ಇದ್ದಿಲು ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ.

ಊರಿನ ಮನೆಯಲ್ಲಿ ಒಲೆ ಉರಿಸಿದರೂ ಹೀಗಾಗುತ್ತಿರಲಿಲ್ಲ. ಅಲ್ಲಿ ಬೆಳಕಿಂಡಿ ಇತ್ತು, ಹೊಗೆ ಹೋಗಲು ದಾರಿ ಇತ್ತು. ಹಳೆಯ ರೂಢಿಯನ್ನು ಹೊಸ ಜಾಗಕ್ಕೆ ತಂದಾಗ ಅಪಾಯ ಹುಟ್ಟಿತು. ಮುಚ್ಚಿದ ಕೋಣೆಯಲ್ಲಿ ಕೆಂಡವಾಗಲಿ ಜನರೇಟರಾಗಲಿ ಕೂಡದು ಎಂಬ ಈ ಒಂದು ಮಾತನ್ನು ಶಾಲೆಗೆ ಹೋಗುವ ಮಗು ಮನೆಯಲ್ಲಿ ಹೇಳಿದರೆ ಒಂದು ಸಂಸಾರ ಉಳಿದೀತು.

ನೀರಿಗೂ ರೊಕ್ಕ

'ಯಪ್ಪಾ, ಇಲ್ಲಿ ನೀರಿಗೂ ರೊಕ್ಕ ಕೊಡಬೇಕೇನು?' ಹಳ್ಳಿಯಿಂದ ಬಂದ ಮಗು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಕೊಡಬೇಕು, ಮತ್ತು ಅದಕ್ಕೆ ಕಾರಣವೂ ಇದೆ. ದೊಡ್ಡ ನಗರಗಳ ಪೈಕಿ ಹೊಳೆಯ ದಂಡೆಯಲ್ಲಿಲ್ಲದ ಊರು ಬೆಂಗಳೂರು. 1974ರಿಂದ ಇಲ್ಲಿಗೆ ಕಾವೇರಿ ನೀರು ಬರುತ್ತಿದೆ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಮೂರು ಹಂತಗಳಲ್ಲಿ ಪಂಪು ಮಾಡಿ ತರಬೇಕು. ಸಾವಿರ ಲೀಟರ್ ನೀರಿನ ತೂಕ ಒಂದು ಟನ್. ಅದನ್ನು 500 ಮೀಟರ್ ಎತ್ತಲು ಪಂಪಿನಲ್ಲಿ ಏನೂ ನಷ್ಟವಾಗದಿದ್ದರೂ 1.36 ಯೂನಿಟ್ ವಿದ್ಯುತ್ ಬೇಕು. ಹೈಸ್ಕೂಲು ವಿದ್ಯಾರ್ಥಿಗಳು ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನು ಗುಣಿಸಿ ಇದನ್ನು ತಾವೇ ಪರೀಕ್ಷಿಸಬಹುದು.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ನೀರು ಬಂದ ಮೇಲೂ ನಗರದಂಚಿನ ಕಟ್ಟಡದ ಜಾಗಗಳಲ್ಲಿ ನೀರೆಂದರೆ ಹೆಚ್ಚಾಗಿ ಕೊಳವೆಬಾವಿ, ಇಲ್ಲವೆ ಟ್ಯಾಂಕರು. ಕೊಳವೆಬಾವಿಯ ನೀರು ಬಹಳ ಕಡೆ ಗಡುಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿಂದ ಸೋಪು ನೊರೆ ಕೊಡುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಜೊತೆಗೆ ಎತ್ತರದ ಊರಾದ್ದರಿಂದ ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಅಂಗಡಿಯವನು ಹಳೇ ಬೇಳೆ ಕೊಟ್ಟನೆಂದು ತಾಯಿ ಬೈದುಕೊಳ್ಳುವಾಗ ತಪ್ಪು ಅವನದಾಗಿರಲಿಕ್ಕಿಲ್ಲ. ಬೇಳೆಯನ್ನು ರಾತ್ರಿಯೇ ನೆನೆಹಾಕಿದರೆ, ಮುಚ್ಚಳ ಮುಚ್ಚಿ ಬೇಯಿಸಿದರೆ ಉರುವಲು ಉಳಿಯುತ್ತದೆ.

ಹೆಂಗಸರ ಕಷ್ಟ ಇನ್ನೂ ಬೇರೆ. ನೂರು ಜನರಿಗೆ ಎರಡೋ ಮೂರೋ ಶೌಚಾಲಯ, ಅದಕ್ಕೂ ಬಾಗಿಲು ನೆಟ್ಟಗಿರುವುದಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಹೋಗಬೇಕು, ಹಗಲೆಲ್ಲ ತಡೆದುಕೊಳ್ಳಬೇಕು. ಪದೇ ಪದೇ ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಣ್ಣುಮಕ್ಕಳಿದ್ದಾರೆ. ಬಿಸಿಲಲ್ಲಿ ದುಡಿಯುವ ದೇಹ ನೀರು ಕುಡಿಯದಿದ್ದರೆ ಮೂತ್ರದ ಸೋಂಕು ಬರುವ ಸಾಧ್ಯತೆ ಹೆಚ್ಚು.

ಕಟ್ಟಡದಲ್ಲಿ ನೀರು ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಕಾಂಕ್ರೀಟು ಗಟ್ಟಿಯಾಗಲೆಂದು ತಾರಸಿಯ ಮೇಲೆ ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ. ಲಿಫ್ಟಿನ ಗುಂಡಿ, ಡ್ರಮ್ಮು, ಸಂಪುಗಳಲ್ಲೂ ತಿಳಿನೀರು ನಿಂತಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಇಂಥ ತಿಳಿನೀರೇ. ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು ಅದಕ್ಕೆ ಏಳರಿಂದ ಹತ್ತು ದಿನ ಸಾಕು. ಅದು ಕಚ್ಚುವುದು ಹಗಲಿನಲ್ಲಿ. ರಾತ್ರಿಯ ಪರದೆ ಮಾತ್ರ ನಂಬಿದರೆ ಸಾಲದು. ವಾರಕ್ಕೊಮ್ಮೆ ಡ್ರಮ್ಮು, ಬಕೆಟ್ಟುಗಳನ್ನು ಪೂರಾ ಬರಿದು ಮಾಡಿ, ಒಳಬದಿಯನ್ನು ತಿಕ್ಕಿ ಒಣಗಿಸಿದರೆ ಸೊಳ್ಳೆಯ ಸಂಸಾರ ಅಲ್ಲಿಗೇ ನಿಂತಿತು.

ರೊಟ್ಟಿಯ ಹಂಬಲ

ಊರಿನಿಂದ ತಂದ ಜೋಳದ ಹಿಟ್ಟು ಹದಿನೈದು ದಿನಕ್ಕೆ ಮುಗಿಯುತ್ತದೆ. ಆಮೇಲೆ ಅನ್ನ, ನೀರು ಸಾರು. ಮಕ್ಕಳ ಕೈಗೆ ಐದು ರೂಪಾಯಿಯ ಚಿಪ್ಸು ಪೊಟ್ಟಣ, ಇಲ್ಲವೆ ಟೀಯಲ್ಲಿ ಅದ್ದಿದ ಬನ್ನು. ಹೊಟ್ಟೆ ತುಂಬಿತೆನಿಸುತ್ತದೆ, ಮೈಗೆ ಹತ್ತುವುದಿಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನು 8 ಗ್ರಾಂ, ನಾರು 3 ಗ್ರಾಮಿಗೂ ಕಡಿಮೆ. ಜೋಳ ಸಿಗದ ಕಡೆ ಅದಕ್ಕೆ ಸರಿಜೋಡಿ ಎಂದರೆ ಬೆಂಗಳೂರು ಸೀಮೆಯ ರಾಗಿ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ. ರೊಟ್ಟಿ ಬಡಿದು ಬಲ್ಲ ಕೈಗೆ ಮುದ್ದೆ ತೊಳಸುವುದು ಎಷ್ಟರ ಮಾತು? ಪಕ್ಕದ ಶೆಡ್ಡಿನಲ್ಲಿರುವ ತುಮಕೂರಿನ ಹೆಣ್ಣುಮಗಳು ಮುದ್ದೆ ಕಲಿಸಿ, ತಾನು ರೊಟ್ಟಿ ಕಲಿತರೆ ಅದೂ ನಗರ ಕೊಡುವ ಒಂದು ವಿದ್ಯೆಯೇ.

ಪಡಿತರ ಚೀಟಿಯನ್ನು ಊರಿನಲ್ಲಿ ಬಿಟ್ಟುಬರುವವರು ಹಲವರು. 'ಅದು ನಮ್ಮೂರ ಡಿಪೋದಾಗ ಮಾತ್ರ ನಡೀತದ' ಎಂಬ ನಂಬಿಕೆ ಈಗ ನಿಜವಲ್ಲ. 2019ರಲ್ಲಿ ಕೆಲವೇ ರಾಜ್ಯಗಳಲ್ಲಿ ಆರಂಭವಾಗಿ 2022ರ ಹೊತ್ತಿಗೆ ದೇಶವನ್ನೆಲ್ಲ ತಲುಪಿದ 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಊರಲ್ಲಿರುವ ಮುದುಕರ ಪಾಲನ್ನು ಅವರು ಅಲ್ಲೇ ಪಡೆಯಲೂ ಅಡ್ಡಿಯಿಲ್ಲ. ಅಡುಗೆಗೆ 5 ಕಿಲೋ ತೂಕದ ಸಣ್ಣ ಗ್ಯಾಸ್ ಸಿಲಿಂಡರನ್ನು ವಿಳಾಸದ ದಾಖಲೆಯಿಲ್ಲದೆ, ಗುರುತಿನ ಚೀಟಿ ತೋರಿಸಿಯೇ ಕೊಳ್ಳಬಹುದು.

ಆದರೆ ಅಂಗಡಿಯ ಯಂತ್ರ ಬೆರಳಚ್ಚು ಕೇಳುತ್ತದೆ. ಸಿಮೆಂಟಿಗೆ ನೀರು ಬೆರೆತಾಗ ಹುಟ್ಟುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಲವಾದ ಕ್ಷಾರ. ಬರಿಗೈಯಲ್ಲಿ ಗಾರೆ ಕಲಸುವವನ ಬೆರಳ ತುದಿಯ ಗೆರೆಗಳನ್ನು ಅದು ದಿನದಿನಕ್ಕೂ ಸವೆಸುತ್ತದೆ. ಊರಿಗೆಲ್ಲ ಮನೆ ಕಟ್ಟಿದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ! ರಬ್ಬರು ಕೈಗವಸು ಹಾಕಿಕೊಳ್ಳುವುದು, ಕೆಲಸ ಮುಗಿದ ಕೂಡಲೇ ಧಾರಾಳ ನೀರಿನಲ್ಲಿ ಕೈ ತೊಳೆಯುವುದು ಚರ್ಮಕ್ಕೂ ಒಳ್ಳೆಯದು, ರೇಷನ್ನಿಗೂ ಒಳ್ಳೆಯದು.

ಕನ್ನಡವೇ, ಆದರೂ ಬೇರೆ

ಒಡಿಶಾ, ಬಿಹಾರದಿಂದ ಬಂದವರಿಗೆ ಭಾಷೆಯ ತೊಡಕಿದೆ ಎಂದರೆ ಒಪ್ಪಬಹುದು. ಕನ್ನಡ ನಾಡಿನೊಳಗೇ ಬಂದವರಿಗೆ ಏನು ತೊಡಕು? ಅಂಗಡಿಗೆ ಹೋದ ಹುಡುಗಿ 'ಉಳ್ಳಾಗಡ್ಡಿ ಕೊಡ್ರಿ' ಎಂದರೆ ಅಂಗಡಿಯವನು ಮುಖ ನೋಡುತ್ತಾನೆ. ಇಲ್ಲಿ ಅದು ಈರುಳ್ಳಿ. ಶೇಂಗಾ ಇಲ್ಲಿ ಕಡಲೆಕಾಯಿ, ಪುಟಾಣಿ ಇಲ್ಲಿ ಹುರಿಗಡಲೆ, ನಾಷ್ಟಾ ಇಲ್ಲಿ ತಿಂಡಿ, ಭಾಂಡೆ ಇಲ್ಲಿ ಪಾತ್ರೆ. ಮಾತಿನ ಕೊನೆಗೆ 'ರೀ' ಸೇರಿಸುವುದು ಅವಳ ಊರಿನ ಮರ್ಯಾದೆ. ಶಾಲೆಯಲ್ಲಿ ಅದನ್ನೇ ಅಣಕಿಸಿ ನಗುತ್ತಾರೆ. ಎರಡು ದಿನ ನಗು ಕೇಳಿದ ಮಗು ಮೂರನೆಯ ದಿನ ಬಾಯಿ ಬಿಡುವುದಿಲ್ಲ. ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸುತ್ತದೆ. 'ದಡ್ಡಿ' ಎಂಬ ಹಣೆಪಟ್ಟಿ ಅಂಟುವುದು ಹೀಗೆ.

ನಗುವ ಮಕ್ಕಳಿಗೆ ಒಂದೆರಡು ಸಂಗತಿ ತಿಳಿದಿರಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಂದು ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ಸೀಮೆಯನ್ನು. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಅಶೋಕ ಚಕ್ರವರ್ತಿಯ ಹೆಸರನ್ನೇ ಸ್ಪಷ್ಟವಾಗಿ ಹೇಳುವ ಬಂಡೆ ಶಾಸನ 1915ರಲ್ಲಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನ ತೆಗೆಯುವ ಹಟ್ಟಿ ಇರುವುದೂ ಅದೇ ಜಿಲ್ಲೆಯಲ್ಲಿ. ಅಲ್ಲಿನ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಬೆಂಗಳೂರಿನ ಮಗು ಓದಿಕೊಳ್ಳುವ ದೀಪದ ಬೆಳಕಿನಲ್ಲಿ ರಾಯಚೂರಿನ ಪಾಲೂ ಇದೆ. ಆ ಜಿಲ್ಲೆಯ ಮಗು ತನ್ನ ಪಕ್ಕದ ಬೆಂಚಿನಲ್ಲಿ ಕುಳಿತಾಗ ಅದರ ಮಾತಿಗೆ ನಗಬಹುದೆ?

ವಿಳಾಸವೂ ಭಾಷೆಯಷ್ಟೇ ತೊಡಕು. ಊರಿನಲ್ಲಿ ಅಪ್ಪನ ಹೆಸರು ಹೇಳಿದರೆ ಮನೆ ಸಿಗುತ್ತದೆ. ಇಲ್ಲಿ ಮೇನು, ಕ್ರಾಸು, ಹಂತ, ಬ್ಲಾಕು. ಮಗು ದಾರಿ ತಪ್ಪಿದರೆ ಹೇಳಿಕೊಳ್ಳಲು ಅದಕ್ಕೆ ವಿಳಾಸವೇ ಇಲ್ಲ. ಬಂದ ಮೊದಲ ದಿನವೇ ತಂದೆಯ ಫೋನ್ ನಂಬರು, ಹತ್ತಿರದ ಬಸ್ ನಿಲ್ದಾಣದ ಹೆಸರು ಈ ಎರಡನ್ನು ಮಗುವಿಗೆ ಬಾಯಿಪಾಠ ಮಾಡಿಸಬೇಕು. ಕಷ್ಟದಲ್ಲಿರುವ ಮಕ್ಕಳಿಗೆ 1098 ಸಂಖ್ಯೆಯ ಸಹಾಯವಾಣಿ ಇದೆ ಎಂಬುದೂ ಗೊತ್ತಿರಬೇಕು.

ಲೆಕ್ಕಕ್ಕೆ ಸಿಗದವರು

ಹೊರಗಿನಿಂದ ದುಡಿಯಲು ಬಂದವರಿಗಾಗಿ 1979ರಲ್ಲೇ ದೇಶದಲ್ಲಿ ಒಂದು ಕಾಯ್ದೆ ಬಂದಿತ್ತು. ಆದರೆ ಅದು ರಾಜ್ಯದಿಂದ ರಾಜ್ಯಕ್ಕೆ ಹೋಗುವವರಿಗೆ ಮಾತ್ರ. ದೇವದುರ್ಗದಿಂದ ನಾನೂರು ಕಿಲೋಮೀಟರ್ ದಾಟಿ ಬಂದರೂ ಗಡಿ ದಾಟದ ಕಾರಣ ಇವರು ಆ ಕಾಯ್ದೆಯ ಕಣ್ಣಿಗೆ ಬೀಳಲಿಲ್ಲ. ಇವರಿಗೆ ಆಸರೆಯಾದದ್ದು ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರ ಕಾಯ್ದೆ. ಅದರ ಫಲವಾಗಿ ಕರ್ನಾಟಕದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ರಚನೆಯಾಯಿತು. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಬಹುದು. ಚಿಕಿತ್ಸೆಗೆ, ಅಪಘಾತಕ್ಕೆ, ಮಕ್ಕಳ ಓದಿಗೆ ನೆರವಿದೆ.

ತೊಂಬತ್ತು ದಿನ ದುಡಿದದ್ದು ನಿಜವಾದರೂ ಅದನ್ನು ತೋರಿಸುವುದು ಹೇಗೆ? ಮೂರು ಕಡೆ, ಮೂವರು ಮೇಸ್ತ್ರಿಗಳ ಕೈಕೆಳಗೆ ಕೆಲಸ. ಹಾಜರಿ ಪುಸ್ತಕ ಮೇಸ್ತ್ರಿಯ ಜೇಬಿನಲ್ಲಿ. ಮುಂಗಡದಲ್ಲಿ ಎಷ್ಟು ಹರಿಯಿತು, ವಾರದ ಖರ್ಚಿಗೆ ಎಷ್ಟು ಕೊಟ್ಟ, ಬಾಕಿ ಎಷ್ಟು ಎಂಬುದೂ ಅವನು ಹೇಳಿದಷ್ಟೇ. ಓದು ಬಾರದ ತಂದೆ ತಲೆ ಆಡಿಸಬೇಕು.

ಇಲ್ಲಿ ಐದನೇ ತರಗತಿಯ ಮಗಳ ವಿದ್ಯೆ ಉಪಯೋಗಕ್ಕೆ ಬರುತ್ತದೆ. ಒಂದು ನಲವತ್ತು ಪುಟದ ನೋಟುಪುಸ್ತಕ. ಪ್ರತಿದಿನ ರಾತ್ರಿ ತಾರೀಖು, ಕೆಲಸದ ಜಾಗ, ಮೇಸ್ತ್ರಿಯ ಹೆಸರು, ಬಂದ ಹಣ. ಇಷ್ಟು ಬರೆದಿಟ್ಟರೆ ವಾರದ ಬಟವಾಡೆಯ ದಿನ ತಂದೆಯ ಮಾತಿಗೆ ಬೆಲೆ ಬರುತ್ತದೆ. ನೋಂದಣಿಗೆ ಪ್ರಮಾಣಪತ್ರ ಕೇಳುವಾಗಲೂ ದಿನಗಳ ಲೆಕ್ಕ ಕೈಯಲ್ಲಿರುತ್ತದೆ. ಕೂಡುವ, ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇದೆಯೆ?

ಎರಡು ಊರು, ಒಂದೂ ಶಾಲೆಯಿಲ್ಲ

ಆದರೆ ಆ ಮಗಳು ಈಗ ಶಾಲೆಯಲ್ಲಿಲ್ಲ. ತಾಯಿ ಇಟ್ಟಿಗೆ ಹೊರುವಾಗ ತಮ್ಮನನ್ನು ನೋಡಿಕೊಳ್ಳುವವರು ಯಾರು? ಮರಳಿನ ರಾಶಿ, ಕಬ್ಬಿಣದ ಸರಳು, ಮುಚ್ಚಳವಿಲ್ಲದ ಸಂಪು, ನೆಲದ ಮೇಲೆ ಎಳೆದ ವಿದ್ಯುತ್ ತಂತಿ. ಎರಡು ವರ್ಷದ ಕೂಸಿಗೆ ಕಟ್ಟಡದ ಜಾಗದಲ್ಲಿ ಅಪಾಯವಿಲ್ಲದ ಮೂಲೆಯೇ ಇಲ್ಲ. ಅದಕ್ಕೆ ಅಕ್ಕ ಕಾವಲು. ನವೆಂಬರಿನಲ್ಲಿ ಊರು ಬಿಟ್ಟ ಹುಡುಗಿ ವಾರ್ಷಿಕ ಪರೀಕ್ಷೆಯ ಹೊತ್ತಿಗೂ ಊರಿನಲ್ಲಿರುವುದಿಲ್ಲ. ಜೂನಿನಲ್ಲಿ ಮರಳಿದಾಗ ಜೊತೆಯವರು ಮುಂದಿನ ತರಗತಿಯಲ್ಲಿರುತ್ತಾರೆ. ಒಂದು ವರ್ಷ ಹೀಗಾದರೆ ತೂಗಿಸಿಕೊಳ್ಳಬಹುದು. ಎರಡನೆಯ ವರ್ಷ ಭಿನ್ನರಾಶಿ ಅರ್ಥವಾಗುವುದಿಲ್ಲ. ಮೂರನೆಯ ವರ್ಷ ಶಾಲೆಯೇ ಬೇಡವೆನಿಸುತ್ತದೆ. ಆಮೇಲೆ ಕೂಲಿ, ಇಲ್ಲವೆ ಎಳೆವಯಸ್ಸಿನ ಮದುವೆ. ಗುಳೆಯಲ್ಲಿ ಕುಟುಂಬ ಕಳೆದುಕೊಳ್ಳುವುದೆಲ್ಲವನ್ನೂ ಮತ್ತೆ ಗಳಿಸಬಹುದು, ಇದೊಂದನ್ನು ಬಿಟ್ಟು.

ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ವಲಸೆ ಕುಟುಂಬದ ಮಕ್ಕಳನ್ನು ಹೆಸರಿಟ್ಟೇ ಹೇಳುತ್ತದೆ. ಅವರನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಹೊಣೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಹಿಂದುಳಿದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು. ಊರಿನ ಶಾಲೆಯ ಮುಖ್ಯೋಪಾಧ್ಯಾಯರು ಕೇಳಿದ ಕೂಡಲೇ ವರ್ಗಾವಣೆ ಪತ್ರ ನೀಡಬೇಕು. ಹೊರಡುವ ಮುಂಚೆ ತಂದೆತಾಯಿ ಊರಿನ ಶಾಲೆಗೆ ಹೋಗಿ ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡರೂ ಸಾಕು, ಇಲ್ಲಿನ ಶಾಲೆಗೆ ಮಗುವಿನ ದಾಖಲೆ ಹುಡುಕುವುದು ಸುಲಭ. ಮಧ್ಯಾಹ್ನದ ಬಿಸಿಯೂಟ ಇಲ್ಲೂ ಇದೆ. 2002ರಲ್ಲಿ ಆ ಯೋಜನೆ ಮೊದಲು ಆರಂಭವಾದದ್ದು ಇವರದೇ ಕಡೆಯ ಜಿಲ್ಲೆಗಳಲ್ಲಿ.

ಕೂಸಿನ ಚಿಂತೆಗೆ ಅಂಗನವಾಡಿ ಇದೆ. ಮೂರು ವರ್ಷ ತುಂಬದ ಮಗುವನ್ನು ಅಲ್ಲಿ ದಿನವಿಡೀ ಇಟ್ಟುಕೊಳ್ಳುವುದು ಕಷ್ಟವಾದರೆ, ಕಟ್ಟಡದ ಜಾಗದಲ್ಲೇ ಒಂದು ಕೋಣೆ, ಒಬ್ಬ ಹಿರಿಯ ಹೆಂಗಸು ಸಾಕು. ಹತ್ತು ಮನೆಯ ಕೂಸುಗಳನ್ನು ಆಕೆ ನೋಡಿಕೊಂಡರೆ ಹತ್ತು ಅಕ್ಕಂದಿರು ಶಾಲೆಗೆ ಹೋಗುತ್ತಾರೆ. ಲಕ್ಷಗಟ್ಟಲೆ ಬೆಲೆಯ ಮನೆ ಕಟ್ಟಿಸುವವರಿಗೆ ಇದೊಂದು ಹೆಂಗಸಿನ ಕೂಲಿ ಭಾರವೆ?

ಪಕ್ಕದ ಬೆಂಚು

2020ರ ಮಾರ್ಚ್ 24ರ ಮಧ್ಯರಾತ್ರಿ ದೇಶಕ್ಕೆ ಬೀಗ ಬಿದ್ದಾಗ ನಗರವನ್ನು ಕಟ್ಟಿದವರು ನಗರದಲ್ಲಿ ನಿಲ್ಲಲಾರದೆ ಹೆದ್ದಾರಿ ಹಿಡಿದು ನಡೆದದ್ದನ್ನು ಎಲ್ಲರೂ ನೋಡಿದರು. ಕಣ್ಣೀರು ಹಾಕಿದವರೂ ಇದ್ದರು. ಅಂದಿನ ಕಣ್ಣೀರು ಇಂದು ಒಂದು ಸಣ್ಣ ಕೆಲಸವಾಗಿ ಉಳಿದರೆ ಅದಕ್ಕೆ ಅರ್ಥ ಬರುತ್ತದೆ.

ದೊಡ್ಡ ಕೆಲಸವೇ ಆಗಬೇಕೆಂದೇನಿಲ್ಲ. ಮನೆಯ ಎದುರು ಕಟ್ಟಡ ಏಳುತ್ತಿದ್ದರೆ ಅಲ್ಲಿ ಶಾಲೆಯ ವಯಸ್ಸಿನ ಮಗು ಹಗಲಿನಲ್ಲಿ ಆಡುತ್ತಿದೆಯೆ ಎಂದು ನೋಡಬಹುದು. ಇದ್ದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಮಾತು ತಿಳಿಸಬಹುದು. ವರ್ಗಾವಣೆ ಪತ್ರ ಬೇಕಿಲ್ಲವೆಂದು ಆ ತಂದೆತಾಯಿಗೆ ಹೇಳಬಹುದು. ವಿದ್ಯಾರ್ಥಿಗಳು ಹಳೆಯ ಪಠ್ಯಪುಸ್ತಕ, ಬರೆದು ಉಳಿದ ಹಾಳೆಗಳ ನೋಟುಪುಸ್ತಕ ಕೊಡಬಹುದು. ತರಗತಿಗೆ ಹೊಸ ಮಗು ಬಂದಾಗ ಪಕ್ಕದಲ್ಲಿ ಜಾಗ ಬಿಟ್ಟು, 'ನಿಮ್ಮೂರಲ್ಲಿ ಇದಕ್ಕೆ ಏನಂತೀರಿ?' ಎಂದು ಕೇಳಬಹುದು. ಒಂದು ವಾರದಲ್ಲಿ ಇಬ್ಬರಿಗೂ ಎರಡು ಬಗೆಯ ಕನ್ನಡ ಬರುತ್ತದೆ.

ಯುಗಾದಿಯ ಹಿಂದಿನ ರಾತ್ರಿ ಅದೇ ನಿಲ್ದಾಣದಲ್ಲಿ ಅವೇ ಗಂಟುಗಳು ಮತ್ತೆ ರೈಲು ಹತ್ತುತ್ತವೆ. ಹಬ್ಬಕ್ಕೆ ಹೊಸ ಬಟ್ಟೆ, ಊರಿನ ಮುದುಕರಿಗೆ ಕಂಬಳಿ, ತೀರಿಸಬೇಕಾದ ಸಾಲದ ಒಂದಿಷ್ಟು ಹಣ. ಆ ಗಂಟಿನೊಳಗೆ ಬೆಂಗಳೂರಿನ ಶಾಲೆಯ ಹಾಜರಿ ಪತ್ರವೂ, ಮಗಳು ಬರೆದಿಟ್ಟ ಆ ನಲವತ್ತು ಪುಟದ ನೋಟುಪುಸ್ತಕವೂ ಇದ್ದರೆ, ಜೂನ್ ತಿಂಗಳಲ್ಲಿ ಅವಳು ಊರಿನ ಶಾಲೆಯ ಆರನೇ ತರಗತಿಯಲ್ಲಿ ಜೊತೆಯವರ ನಡುವೆಯೇ ಕುಳಿತಿರುತ್ತಾಳೆ.